ಲಾರಿಗೆ ಕಟ್ಟುವ ಹೂವು, ಸಾರಿಗೆ ಹಾಕುವ ಸೊಪ್ಪು: ಲುಟೀನನ್ನು ಗಿಡದಿಂದಲೇ ಪಡೆಯುವ ಬಗೆ

ದೊಡ್ಡಮ್ಮನಿಗೆ ಕಣ್ಣಿನ ವೈದ್ಯರು ದಿನಕ್ಕೊಂದು ಲುಟೀನ್ ಮಾತ್ರೆ ಬರೆದುಕೊಟ್ಟಿದ್ದರು. ಡಬ್ಬಿಯ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ‘ಟ್ಯಾಜೀಟಿಸ್ ಇರೆಕ್ಟಾ ಹೂವಿನ ಸಾರ’ ಎಂದಿತ್ತು. ಹಾಗೆಂದರೆ ಚೆಂಡು ಹೂವು ಎಂದೆ. “ಆಯುಧಪೂಜೆಗೆ ಲಾರಿಗೆ ಕಟ್ಟುವ ಹೂವನ್ನು ನುಂಗಬೇಕೇನೋ? ಅದೂ ಇಷ್ಟು ದುಡ್ಡು ಕೊಟ್ಟು?” ಎಂದು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ. ಮೈಸೂರಿನಿಂದ ಊಟಿಯ ದಾರಿ ಹಿಡಿದರೆ ಜುಲೈ–ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆಯ ಆಸುಪಾಸು ರಸ್ತೆಯ ಬದಿಯಲ್ಲೆಲ್ಲ ಕಿತ್ತಳೆ ಬಣ್ಣದ ಹೊಲಗಳು ಕಾಣುತ್ತವೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಹೂವೆಲ್ಲ ದೇವರ ಮುಡಿಗೆ ಹೋಗುವುದಿಲ್ಲ. ದೊಡ್ಡ ಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಹೂವನ್ನು ರಾಶಿ ಹಾಕಿ ಹುಳಿ ಬರಿಸಿ, ಹಿಂಡಿ, ಒಣಗಿಸಿ, ಹೆಕ್ಸೇನ್ ಎಂಬ ದ್ರಾವಕದಿಂದ ಅದರ ಬಣ್ಣವನ್ನು ಹೊರಗೆಳೆಯುತ್ತಾರೆ. ಸಿಗುವ ಅಂಟಂಟಾದ ಸಾರದಲ್ಲಿ ಒಂದಿಷ್ಟು ಕೋಳಿಯ ಮೇವಿಗೆ ಸೇರಿ ಮೊಟ್ಟೆಯ ಹಳದಿಗೆ ರಂಗು ಕೊಡುತ್ತದೆ. ಇನ್ನೊಂದಿಷ್ಟು ಶುದ್ಧಿಯಾಗಿ ದೊಡ್ಡಮ್ಮನ ಡಬ್ಬಿಗೆ ಬರುತ್ತದೆ.

ಅದೇ ವಸ್ತು ದಂಟಿನ ಸೊಪ್ಪಿನಲ್ಲೂ ಇದೆ, ಪಾಲಕ್‌ನಲ್ಲೂ ಇದೆ, ಬೇಲಿಯ ಮೇಲಿನ ನುಗ್ಗೆಯಲ್ಲೂ ಇದೆ. ಅದನ್ನು ಅಡುಗೆಮನೆಯಲ್ಲಿ ಪಡೆಯುವುದು ಹೇಗೆ, ಮಾತ್ರೆ ಯಾರಿಗೆ ಬೇಕು, ಕೊಳ್ಳುವುದಾದರೆ ಏನು ನೋಡಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು, ಮಾತ್ರೆ ನಿಮಗೆ ಬೇಕೇ ಎಂದು ತೀರ್ಮಾನಿಸಿ

ಲುಟೀನ್ ಎಂಬುದು ಕ್ಯಾರೊಟಿನಾಯ್ಡ್ ಗುಂಪಿಗೆ ಸೇರಿದ ಹಳದಿ ಬಣ್ಣ. ನಮ್ಮ ದೇಹ ಅದನ್ನು ತಯಾರಿಸಲಾರದು, ತಿಂದೇ ಪಡೆಯಬೇಕು. ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಟ್ಟನಡುವೆ ಮ್ಯಾಕ್ಯುಲ ಎಂಬ ಹಳದಿ ಚುಕ್ಕೆಯಿದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲಕ್ಕೂ ಆ ಚುಕ್ಕೆಯೇ ಆಧಾರ. ಅದು ಹಳದಿಯಾಗಿರುವುದು ಲುಟೀನ್ ಮತ್ತು ಅದರ ಸೋದರ ಜಿಯಾಕ್ಸಾಂಥಿನ್ ಅಲ್ಲಿ ಬಂದು ಕೂತಿರುವುದರಿಂದ. ಇವೆರಡೂ ಬೆಳಕಿನ ನೀಲಿ ಭಾಗವನ್ನು ಒಂದಷ್ಟು ಹೀರಿಕೊಳ್ಳುತ್ತವೆ. ಬೆಳಕು ಬಿದ್ದಾಗ ಹುಟ್ಟುವ, ಜೀವಕೋಶವನ್ನು ಕೆಡಿಸಬಲ್ಲ ಚುರುಕು ಆಮ್ಲಜನಕವನ್ನು ತಣ್ಣಗಾಗಿಸುತ್ತವೆ. ಆಂಟಿಆಕ್ಸಿಡೆಂಟ್ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವುದು ಈ ಎರಡನೆಯ ಕೆಲಸವನ್ನು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ಕಣ್ಣು ಎಂದ ಕೂಡಲೇ ಎಲ್ಲರೂ ಕ್ಯಾರೆಟ್ ಎನ್ನುತ್ತಾರೆ. ಕ್ಯಾರೆಟ್ಟಿನಲ್ಲಿರುವುದು ಮುಖ್ಯವಾಗಿ ಬೀಟಾ ಕ್ಯಾರೊಟೀನ್. ಅದು ದೇಹದಲ್ಲಿ ಎ ವಿಟಮಿನ್ ಆಗುತ್ತದೆ, ಇರುಳುಗುರುಡು ಬಾರದಂತೆ ಕಾಯುತ್ತದೆ. ಲುಟೀನ್ ಎ ವಿಟಮಿನ್ ಆಗುವುದಿಲ್ಲ. ಅದರ ಕೆಲಸವೇ ಬೇರೆ. ಕ್ಯಾರೆಟ್ ತಿಂದು ಲುಟೀನ್ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ.

ಮಾತ್ರೆಯ ಬಗ್ಗೆ ಈವರೆಗೆ ನಡೆದ ಪ್ರಯೋಗಗಳಲ್ಲಿ ದೊಡ್ಡದು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ನಡೆಸಿದ ಏರೆಡ್ಸ್–2. ಫಲಿತಾಂಶ ಹೊರಬಂದದ್ದು 2013ರಲ್ಲಿ. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಎಲ್ಲರಿಗೂ ವಯಸ್ಸಿನಿಂದ ಬರುವ ಮ್ಯಾಕ್ಯುಲದ ಸವೆತ ಆಗಲೇ ಶುರುವಾಗಿತ್ತು. ಮೊದಲ ಏರೆಡ್ಸ್ ಪ್ರಯೋಗದ ಹಳೆಯ ಮಾತ್ರೆಗೆ (ಸಿ, ಇ ವಿಟಮಿನ್, ಬೀಟಾ ಕ್ಯಾರೊಟೀನ್, ಸತು, ತಾಮ್ರ ಇದ್ದದ್ದು) ದಿನಕ್ಕೆ 10 ಮಿಲಿಗ್ರಾಂ ಲುಟೀನ್, 2 ಮಿಲಿಗ್ರಾಂ ಜಿಯಾಕ್ಸಾಂಥಿನ್ ಸೇರಿಸಿ ನೋಡಿದರು. ಒಟ್ಟಾರೆ ಗುಂಪಿನಲ್ಲಿ ಹೆಚ್ಚುವರಿ ಲಾಭ ಖಚಿತವಾಗಿ ಕಾಣಲಿಲ್ಲ. ಆದರೆ ಊಟದಲ್ಲಿ ಲುಟೀನ್ ತೀರ ಕಡಿಮೆಯಿದ್ದವರನ್ನು ಬೇರೆಯಾಗಿ ನೋಡಿದಾಗ, ಅವರಲ್ಲಿ ಕಾಯಿಲೆ ಕೊನೆಯ ಹಂತಕ್ಕೆ ಹೋಗುವುದು ಸುಮಾರು 26 ಪ್ರತಿಶತ ಕಡಿಮೆಯಾಗಿತ್ತು. ನನಗೆ ಇಡೀ ವರದಿಯಲ್ಲಿ ಮುಖ್ಯವಾಗಿ ಕಂಡದ್ದು ಈ ಸಾಲು. ಮಾತ್ರೆ ಕೈಹಿಡಿದದ್ದು ಸೊಪ್ಪು ತಿನ್ನದವರನ್ನು.

ಹಾಗಾಗಿ ಮ್ಯಾಕ್ಯುಲ ಸವೆದಿದೆ ಎಂದು ಹೇಳಿ ವೈದ್ಯರು ಮಾತ್ರೆ ಕೊಟ್ಟಿದ್ದರೆ ತೆಗೆದುಕೊಳ್ಳಿ. ಈ ಲೇಖನ ಓದಿ ನಿಲ್ಲಿಸಬೇಡಿ. ಇಡೀ ದಿನ ಮೊಬೈಲ್ ನೋಡಿ ಕಣ್ಣು ಉರಿಯುತ್ತದೆ ಎಂಬ ಕಾರಣಕ್ಕೆ ಜಾಹೀರಾತು ನೋಡಿ ಕೊಳ್ಳಹೊರಟಿದ್ದರೆ ಮೊದಲು ಮುಂದಿನದನ್ನು ಮಾಡಿ ನೋಡಿ.

ಒಂದು ವಾರ ಸೊಪ್ಪಿನ ಲೆಕ್ಕ ಬರೆಯಿರಿ

ಕ್ಯಾಲೆಂಡರಿನ ಚೌಕದಲ್ಲಿ ಬರೆದರೂ ಸಾಕು. ಕಡು ಹಸಿರು ಸೊಪ್ಪು ಎಂದು ತಿಂದಿರಿ, ಎಷ್ಟು ಜನ ಹಂಚಿಕೊಂಡಿರಿ. ಉಪ್ಪಿಟ್ಟಿನ ಮೇಲೆ ಉದುರಿಸಿದ ಕೊತ್ತಂಬರಿ ಲೆಕ್ಕಕ್ಕಿಲ್ಲ. ತಟ್ಟೆಯಂಚಿಗೆ ತಳ್ಳಿದ ಕರಿಬೇವಂತೂ ಇಲ್ಲವೇ ಇಲ್ಲ. ನಾವೆಲ್ಲ ಸೊಪ್ಪು ಚೆನ್ನಾಗಿ ತಿನ್ನುವವರು ಎಂದು ನಾನೂ ನಂಬಿದ್ದೆ. ನಮ್ಮ ಮನೆಯಲ್ಲಿ ಬರೆದಾಗ ವಾರಕ್ಕೆ ಒಂದೇ ದಿನ ಬಂತು, ಅದೂ ಮೆಂತ್ಯದ ಪಲಾವಿನ ಹೆಸರಿನಲ್ಲಿ.

ಎಷ್ಟು ಬೇಕು? ವಿಟಮಿನ್‌ಗಳಿಗೆ ಇರುವಂತೆ ಲುಟೀನಿಗೆ ಇಂತಿಷ್ಟೇ ಎಂದು ಗೊತ್ತುಪಡಿಸಿದ ದಿನದ ಪ್ರಮಾಣ ಇಲ್ಲ. ಎಲ್ಲರೂ ಉದ್ಧರಿಸುವ 6 ಮಿಲಿಗ್ರಾಂ ಎಂಬ ಅಂಕಿ 1994ರ ಒಂದು ಅಮೆರಿಕನ್ ಅಧ್ಯಯನದಿಂದ ಬಂದದ್ದು. ಪಾಲಕ್‌ನಂಥ ಸೊಪ್ಪನ್ನು ಹೆಚ್ಚು ತಿನ್ನುತ್ತಿದ್ದವರಲ್ಲಿ ಮ್ಯಾಕ್ಯುಲದ ಕಾಯಿಲೆ ಕಡಿಮೆ ಕಂಡಿತ್ತು. ಅದು ಜನರ ಊಟವನ್ನು ವಿಚಾರಿಸಿ ಹೋಲಿಸಿದ ಅಧ್ಯಯನ, ಸೊಪ್ಪೇ ಕಾರಣ ಎಂದು ಸಾಧಿಸಿದ್ದಲ್ಲ. ಆದರೂ ಗುರಿಯಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಏಕೆಂದರೆ ಮುಟ್ಟುವುದು ಸುಲಭ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಲುಟೀನ್, ಜಿಯಾಕ್ಸಾಂಥಿನ್ ಎರಡೂ ಸೇರಿ ಸುಮಾರು 12 ಮಿಲಿಗ್ರಾಂ ಇರುತ್ತದೆ. ಅಂದರೆ ತಲೆಗೆ 50 ಗ್ರಾಂ ಸಾಕು, ನಾಲ್ಕು ಜನರ ಮನೆಗೆ 200 ಗ್ರಾಂ. ಬೇರು ತೆಗೆದು ಬಿಡಿಸಿದ ಮೇಲಿನ ತೂಕ ಇದು. ಸೊಪ್ಪಿನವರ ಕಟ್ಟು ಊರಿಗೊಂದು ಗಾತ್ರ, ಮಳೆಗೊಂದು ಗಾತ್ರ. ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಿಬಿಟ್ಟರೆ ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ.

ಹೋಲಿಕೆಗೆ ಹೇಳುವುದಾದರೆ, ನೂರು ಗ್ರಾಂ ಹಸಿ ಬಟಾಣಿಯಲ್ಲಿ ಸುಮಾರು 2.5 ಮಿಲಿಗ್ರಾಂ, ಕ್ಯಾರೆಟ್ಟಿನಲ್ಲಿ ಕಾಲು ಮಿಲಿಗ್ರಾಂ. ಒಂದು ಮೊಟ್ಟೆಯ ಹಳದಿಯಲ್ಲಿ 0.2 ಮಿಲಿಗ್ರಾಂ ಮಾತ್ರ. ಮೊಟ್ಟೆ ಗಿಡವಲ್ಲ, ನಿಜ. ಆದರೆ ಕೋಳಿ ತಿಂದ ಮೆಕ್ಕೆಜೋಳದ್ದೋ ಚೆಂಡು ಹೂವಿನದೋ ಬಣ್ಣವೇ ಅದು. ಹಳದಿಯಲ್ಲಿ ಕೊಬ್ಬೂ ಜೊತೆಗಿರುವುದರಿಂದ ಇರುವಷ್ಟು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಸೊಪ್ಪು ಆರಿಸುವಾಗ ಹಸಿರನ್ನು ನೋಡಿ

ಹಳದಿ ಬಣ್ಣ ಬೇಕಾದರೆ ಹಸಿರನ್ನೇಕೆ ಹುಡುಕಬೇಕು ಎಂದು ಕೇಳಬಹುದು. ಎಲೆಯಲ್ಲಿ ಪತ್ರಹರಿತ್ತು ಇರುವ ಕಡೆಯೇ ಲುಟೀನ್ ಇರುತ್ತದೆ. ಬಿಸಿಲು ಹಿಡಿಯುವ ಕೆಲಸದಲ್ಲಿ ಅದಕ್ಕೆ ನೆರವಾಗುತ್ತಾ, ಬಿಸಿಲು ಹೆಚ್ಚಾದಾಗ ಎಲೆಯನ್ನು ಕಾಯುತ್ತಾ ಹಸಿರಿನ ಹಿಂದೆ ಅಡಗಿ ಕೂತಿರುತ್ತದೆ. ಹಣ್ಣೆಲೆಯಲ್ಲಿ ಹಸಿರು ಅಳಿದಾಗ ಕಾಣುವ ಹಳದಿಯಲ್ಲಿ ಇದರ ಪಾಲೂ ಇದೆ. ಎಲೆ ಕಡು ಹಸಿರಾದಷ್ಟೂ ಲುಟೀನ್ ಹೆಚ್ಚು ಎಂಬ ಅಂದಾಜು ಬಹುಮಟ್ಟಿಗೆ ಸರಿಹೋಗುತ್ತದೆ. ಎಲೆಕೋಸಿನ ಒಳಗಿನ ಬಿಳಿ ಪದರಗಳಲ್ಲಿ ಏನೂ ಇಲ್ಲವೆನ್ನುವಷ್ಟು ಕಡಿಮೆ. ನಾವು ಕಿತ್ತೆಸೆಯುವ ಹೊರಗಿನ ಹಸಿರೆಲೆಯಲ್ಲೇ ಇರುವುದು.

ಕೆಂಪು ಹರಿವೆಯ ಕೆಂಪು ಬೇರೆಯದೇ ವರ್ಣದ್ರವ್ಯ, ಬೀಟ್‌ರೂಟಿನ ಬಳಗದ್ದು. ಅದರಿಂದ ಲುಟೀನ್ ಅಳೆಯಲಾಗದು. ಹಾಗೆಂದು ಕೆಂಪು ಹರಿವೆ ಕೆಳದರ್ಜೆಯದಲ್ಲ, ಆ ಕೆಂಪಿನ ಅಡಿಯಲ್ಲೂ ಹಸಿರಿದೆ. ದಂಟಿನಲ್ಲಿ ಲುಟೀನ್ ಇರುವುದು ಎಲೆಯಲ್ಲಿ. ದಂಟನ್ನು ಹುಳಿಗೆ ಹಾಕಿ ಎಲೆಯನ್ನು ಹಸುವಿಗೆ ಹಾಕುವ ಮನೆಗಳಿವೆ. ಆ ಮನೆಯ ಹಸುವಿನ ಕಣ್ಣು ಚೆನ್ನಾಗಿರಬೇಕು.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ನಮ್ಮ ಸಂತೆಯ ಸೊಪ್ಪುಗಳ ಲುಟೀನನ್ನು ಅಳೆದು ಪ್ರಕಟಿಸಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರಗಳ ಕೋಷ್ಟಕದಲ್ಲೂ ಲುಟೀನಿಗೆ ಒಂದು ಕಂಬಸಾಲು ಇದೆ. ಹೊರದೇಶದ ಕೇಲ್ ಸೊಪ್ಪನ್ನು ಹುಡುಕಿ ತರಬೇಕಾದ ಕಾರಣವೇನೂ ಇಲ್ಲ. ಪಾಲಕ್, ದಂಟು, ಹರಿವೆ, ಮೆಂತ್ಯ, ನುಗ್ಗೆ, ಅಗಸೆ, ಹೊನಗೊನೆ, ಬಸಳೆ ಇವುಗಳಲ್ಲಿ ನಿಮ್ಮ ಕಡೆ ಯಾವುದು ತಾಜಾ ಸಿಗುತ್ತದೋ ಅದೇ ಒಳ್ಳೆಯದು. ಹೊನಗೊನೆ ಕಣ್ಣಿಗೆ ತಂಪು ಎಂದು ಹಳಬರು ಹೇಳುತ್ತಿದ್ದರು. ತಂಪಿನ ಮಾತು ನನಗೆ ತಿಳಿಯದು, ಆದರೆ ಹೊಲದ ಬದುವಿನಲ್ಲಿ ಪುಕ್ಕಟೆ ಸಿಗುವ ಕಡು ಹಸಿರು ಎಲೆ ಅದು. ಬಯಲುಸೀಮೆಯ ಹೆಂಗಸರು ಮಳೆ ಬಿದ್ದ ಮೇಲೆ ಹೊಲದಲ್ಲಿ ಕಿತ್ತು ತರುವ ಬೆರಕೆ ಸೊಪ್ಪು ಇದ್ದರೆ ಬೇರೆ ಯಾವುದೂ ಬೇಡ.

ಹಳದಿ ಮೆಕ್ಕೆಜೋಳದಲ್ಲಿ ಲುಟೀನಿನ ಪ್ರಮಾಣ ಕಡಿಮೆ, ಆದರೆ ಸೊಪ್ಪಿನಲ್ಲಿ ಅಷ್ಟಾಗಿ ಸಿಗದ ಜಿಯಾಕ್ಸಾಂಥಿನ್ ಇದೆ. ಕಿತ್ತಳೆ ಬಣ್ಣದ ದಪ್ಪ ಮೆಣಸಿನಕಾಯಿಯಲ್ಲಿ ಅದು ಇನ್ನೂ ಹೆಚ್ಚು.

ಇನ್ನು ಚೆಂಡು ಹೂವನ್ನೇ ತಿಂದರೆ? ಮಾರುಕಟ್ಟೆಯ ಹೂವನ್ನು ತಿನ್ನಬೇಡಿ. ಅದನ್ನು ಬೆಳೆಯುವುದು ಮುಡಿಗೆ, ತೋರಣಕ್ಕೆ ಅಥವಾ ಕಾರ್ಖಾನೆಗೆ. ಔಷಧ ಹೊಡೆಯುವಾಗ ಯಾರೂ ಅದನ್ನು ತಿನ್ನುವ ಪದಾರ್ಥವೆಂದು ಎಣಿಸಿರುವುದಿಲ್ಲ. ಒಂದು ಹೂವಿನಿಂದ ಎಷ್ಟು ಸಿಕ್ಕಿತೆಂದು ತಿಳಿಯುವ ದಾರಿಯೂ ಮನೆಯಲ್ಲಿಲ್ಲ.

ತೊಳೆದು, ಇಡುವುದು

ಬೇರು ಕತ್ತರಿಸಿ, ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಮಣ್ಣು ತಳಕ್ಕಿಳಿದ ಮೇಲೆ ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳಿ. ನೀರನ್ನು ಬಗ್ಗಿಸಿದರೆ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ನೀರು ತಿಳಿಯಾಗುವವರೆಗೆ ಮೂರು–ನಾಲ್ಕು ಸಲ ಹೀಗೆ ಮಾಡಿ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಒಳಗೆ ಸೇರಿದ ಸೀಸದಂಥ ಲೋಹಗಳು ಉಪ್ಪು ನೀರಿನಲ್ಲಿ ನೆನೆಸಿದರೂ ಹೋಗುವುದಿಲ್ಲ. ನಗರದಲ್ಲಿರುವವರು ಸೊಪ್ಪಿನವರನ್ನು ಎಲ್ಲಿಯದೆಂದು ವಿಚಾರಿಸುವುದು ಒಳ್ಳೆಯದು. ಸಾಧ್ಯವಿದ್ದರೆ ನಾಲ್ಕು ಕುಂಡದಲ್ಲಿ ದಂಟು ಬಿತ್ತಿ. ತಿಂಗಳೊಳಗೆ ಎಳೆಯದು ಕೀಳಲು ಸಿಗುತ್ತದೆ. ನುಗ್ಗೆಸೊಪ್ಪನ್ನು ಒಣಗಿಸಿ ಪುಡಿ ಮಾಡಿಡುವವರು ನೆರಳಿನಲ್ಲಿ ಒಣಗಿಸಿ, ಬೆಳಕು ಬೀಳದ ಡಬ್ಬಿಯಲ್ಲಿಡಿ. ಬಿಸಿಲಿಗೆ ಈ ಬಣ್ಣಗಳು ಕೆಡುತ್ತವೆ.

ಬೇಯಿಸುವುದರಲ್ಲೇ ಅರ್ಧ ಕೆಲಸ

ಲುಟೀನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಎಲೆಯ ಜೀವಕೋಶದ ಗೋಡೆ ಒಡೆಯಬೇಕು, ಒಡೆದು ಹೊರಬಂದದ್ದಕ್ಕೆ ಎಣ್ಣೆಯೋ ತುಪ್ಪವೋ ಸಿಗಬೇಕು. ನೆನಪಿಡಬೇಕಾದ್ದು ಇಷ್ಟೇ. ಸಣ್ಣಗೆ ಹೆಚ್ಚಿ ಅಥವಾ ರುಬ್ಬಿ, ಸ್ವಲ್ಪ ಹೊತ್ತು ಮಾತ್ರ ಬೇಯಿಸಿ, ಒಬ್ಬೊಬ್ಬರಿಗೆ ಕನಿಷ್ಠ ಒಂದು ಟೀ ಚಮಚದಷ್ಟು ಕೊಬ್ಬು ಸೇರುವಂತೆ ನೋಡಿಕೊಳ್ಳಿ. ಎಣ್ಣೆಯಿಲ್ಲದೆ ಬೇಯಿಸಿದ ಸೊಪ್ಪನ್ನು ‘ಆರೋಗ್ಯಕ್ಕೆ’ ಎಂದು ತಿನ್ನುವವರು ಲುಟೀನಿನ ಮಟ್ಟಿಗೆ ನಷ್ಟದ ವ್ಯಾಪಾರ ಮಾಡುತ್ತಿದ್ದಾರೆ.

ನಮ್ಮ ಅಡುಗೆಗಳನ್ನು ಈ ಕಣ್ಣಿನಿಂದ ನೋಡುತ್ತಾ ಹೋದರೆ ಸ್ವಾರಸ್ಯವಾಗಿದೆ. ಬಸ್ಸಾರಿಗೆ ಸೊಪ್ಪು ಬೇಯಿಸಿ ನೀರು ಬಸಿಯುತ್ತೇವಲ್ಲ, ಆ ನೀರಿಗೆ ಹೋಗುವುದು ಸಿ ವಿಟಮಿನ್, ಫೋಲೇಟ್‌ಗಳಂಥವು. ಅವು ಸಾರಿನಲ್ಲಿ ಸಿಗುತ್ತವೆ. ಲುಟೀನ್ ಸೊಪ್ಪಿನಲ್ಲೇ ಉಳಿದು, ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದ ಪಲ್ಯದಲ್ಲಿ ಸಿಗುತ್ತದೆ. ಎರಡರಲ್ಲಿ ಯಾವುದನ್ನೂ ಬಿಡದೆ ಊಟ ಮಾಡಿದರೆ ಏನೂ ಪೋಲಾಗಲಿಲ್ಲ. ಮಸ್ಸೊಪ್ಪಿನಲ್ಲಿ ಸೊಪ್ಪನ್ನು ಮಸೆಯುವುದರಿಂದ ಗೋಡೆ ಒಡೆಯುವ ಕೆಲಸ ಚೆನ್ನಾಗಿ ಆಗುತ್ತದೆ. ಆದರೆ ಗಂಟೆಗಟ್ಟಲೆ ಒಲೆಯ ಮೇಲೆ ಬಿಡಬೇಡಿ, ರಾತ್ರಿಗೂ ನಾಳೆಗೂ ಅದನ್ನೇ ಕುದಿಸಬೇಡಿ. ಉಪ್ಸಾರಿಗೆ ಒಗ್ಗರಣೆ ಇಲ್ಲದ ಕಾರಣ ಮುದ್ದೆಯ ಮೇಲೆ ತುಪ್ಪ ಬೀಳಲಿ. ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾದ್ದೇ ಇಲ್ಲ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಪಕ್ಕದಲ್ಲಿ ಎಣ್ಣೆ ಕಲಸಿದ ಶೇಂಗಾ ಹಿಂಡಿ: ಎಲೆಯನ್ನು ಹಲ್ಲು ಅರೆಯುತ್ತದೆ, ಕೊಬ್ಬು ಹಿಂಡಿಯಲ್ಲಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಂಬುಳಿ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಅಂಗಡಿಯ ಪಾಲಕ್ ತಂದು, ಹುರಿದು, ಕುದಿಸಿ, ಹಸಿಯಾಗಿಯೇ ಅರೆದು ಎಷ್ಟು ಲುಟೀನ್ ಬಿಡುಗಡೆಯಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದರು. ಕುದಿಸುವ ಹೊತ್ತು ಹೆಚ್ಚಿದಷ್ಟೂ ಉಳಿಯುವುದು ಕಡಿಮೆ. ದೊಡ್ಡ ಉರಿಯಲ್ಲಿ ಹುರಿದರೆ ಎರಡೇ ನಿಮಿಷದಲ್ಲಿ ದೊಡ್ಡ ಪಾಲು ಹೋಯಿತು. ಅವರು ಕೊನೆಗೆ ಕೊಟ್ಟ ಸಲಹೆ, ಸೊಪ್ಪನ್ನು ಬೇಯಿಸದೆ ನುಣ್ಣಗೆ ಅರೆದು ಕೊಬ್ಬಿರುವ ಹಾಲು ಅಥವಾ ಮೊಸರಿನ ಜೊತೆ ಸೇವಿಸಿ ಎಂದು. ಮಲೆನಾಡಿನ ಯಾವ ಅಜ್ಜಿಯ ಮುಂದೆ ಇದನ್ನು ಓದಿದರೂ ‘ತಂಬುಳಿ ಮಾಡು ಎನ್ನುವುದಕ್ಕೆ ಇಷ್ಟುದ್ದ ಬರೆದರೇ’ ಎಂದಾಳು.

ಮಾಡುವುದು ಹೀಗೆ: ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಸಿಡಿಸಿ. ಒಲೆ ಆರಿಸಿ, ತೊಳೆದ ಎರಡು ಹಿಡಿ ಸೊಪ್ಪನ್ನು ಆ ಕಾವಿನಲ್ಲೇ ಬಾಡಿಸಿ. ಅರ್ಧ ಬಟ್ಟಲು ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಕೆನೆ ತೆಗೆಯದ ಹಾಲಿನ ಮೊಸರು ಎರಡು ಬಟ್ಟಲು ಬೆರೆಸಿ, ಉಪ್ಪು ಹಾಕಿ. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಡಿ. ಮತ್ತೆ ಕಾಯಿಸಬಾರದು, ಮೊಸರು ಒಡೆಯುತ್ತದೆ. ಪಾಲಕ್ ಇರಲಿ, ಎಳೆ ಹರಿವೆ ಇರಲಿ, ಹೊನಗೊನೆ ಇರಲಿ, ನಡೆಯುತ್ತದೆ.

ಯಾರು ಎಚ್ಚರ ವಹಿಸಬೇಕು

ವಾರ್ಫರಿನ್ ಜಾತಿಯ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ಈ ಲೇಖನ ಓದಿದ ಹುಮ್ಮಸ್ಸಿನಲ್ಲಿ ನಾಳೆಯಿಂದಲೇ ಕಟ್ಟುಗಟ್ಟಲೆ ಸೊಪ್ಪು ಶುರುಮಾಡಬಾರದು. ಸೊಪ್ಪಿನ ಕೆ ವಿಟಮಿನ್ ಆ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತದೆ. ಅವರು ಸೊಪ್ಪು ಬಿಡಬೇಕೆಂದಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಬೇಕು, ಬದಲಿಸುವುದಾದರೆ ವೈದ್ಯರಿಗೆ ತಿಳಿಸಿರಬೇಕು.

ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಪಾಲಕ್, ದಂಟು, ಹರಿವೆಗಳಲ್ಲಿರುವ, ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶ ತೊಂದರೆ. ಅವರು ಬಸಿದ ನೀರನ್ನು ಸಾರಿಗೆ ಬಳಸದೆ ಚೆಲ್ಲಲಿ, ಸೊಪ್ಪನ್ನು ಮೊಸರಿನೊಡನೆ ತಿನ್ನಲಿ, ಆದಷ್ಟೂ ಮೆಂತ್ಯವನ್ನೇ ಆರಿಸಿಕೊಳ್ಳಲಿ. ಅದರಲ್ಲಿ ಆಕ್ಸಲೇಟ್ ಬಹಳ ಕಡಿಮೆ. ಬೆಳಗಿನ ನಡಿಗೆ ಮುಗಿಸಿ ದಿನವೂ ಲೋಟ ತುಂಬ ಹಸಿ ಪಾಲಕ್ ರಸ ಕುಡಿಯುವ ಹೊಸ ಚಾಳಿಯೊಂದಿದೆ. ಹಾಗೆ ಹಸಿರು ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ತಂಬುಳಿ ಊಟದ ಭಾಗ, ಕೊಡಗಟ್ಟಲೆ ಕುಡಿಯುವಂಥದ್ದಲ್ಲ. ಮೂತ್ರಪಿಂಡ ಆಗಲೇ ದುರ್ಬಲವಾಗಿರುವವರು ಪೊಟ್ಯಾಸಿಯಂ ಕಾರಣಕ್ಕೂ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಮಾತ್ರೆಯನ್ನೇ ಕೊಳ್ಳುವುದಾದರೆ

ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂದಿನ ಅಕ್ಷರ ಓದಿ. ‘ಚೆಂಡು ಹೂವಿನ ಸಾರ 50 ಮಿಲಿಗ್ರಾಂ’ ಎಂದಿದ್ದರೆ ಅದು 50 ಮಿಲಿಗ್ರಾಂ ಲುಟೀನ್ ಅಲ್ಲ. ಸಾರದಲ್ಲಿ ಪ್ರತಿಶತ 20 ಲುಟೀನ್ ಇದ್ದರೆ ನಿಮಗೆ ಸಿಗುವುದು 10 ಮಿಲಿಗ್ರಾಂ, ಪ್ರತಿಶತ 5 ಇದ್ದರೆ ಎರಡೂವರೆ. ಪ್ರತಿಶತ ಬರೆದಿಲ್ಲವೆಂದರೆ ಅದನ್ನು ಅಂಗಡಿಯಲ್ಲೇ ಬಿಡಿ. ‘ಲುಟೀನ್ ಎಸ್ಟರ್’ ಎಂದಿದ್ದರೆ ಸುಮಾರು ಅರ್ಧ ಮಾಡಿಕೊಳ್ಳಿ. ಹೂವಿನಲ್ಲಿ ಲುಟೀನ್ ಕೊಬ್ಬಿನ ಆಮ್ಲಗಳಿಗೆ ಅಂಟಿಕೊಂಡೇ ಇರುತ್ತದೆ, ತೂಕದ ಅರ್ಧದಷ್ಟು ಆ ಆಮ್ಲಗಳದ್ದು. ಯಾವ ರೂಪದ್ದಾದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗುವುದು ದಂಡ. ದಿನದಲ್ಲಿ ಎಣ್ಣೆ ತುಪ್ಪ ಹೆಚ್ಚಿರುವ ಊಟದ ಜೊತೆ ತೆಗೆದುಕೊಳ್ಳಬೇಕು.

ಪಟ್ಟಿಯಲ್ಲಿ ಬೀಟಾ ಕ್ಯಾರೊಟೀನ್ ಇದೆಯೇ ನೋಡಿ. ಬೀಡಿ ಸಿಗರೇಟು ಸೇದುವವರಿಗೂ ಸೇದಿ ಬಿಟ್ಟವರಿಗೂ ಅದು ಬೇಡ. ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಫಲಿತಾಂಶ ಹೊರಬಂದ ಪ್ರಯೋಗದಲ್ಲಿ ಬೀಟಾ ಕ್ಯಾರೊಟೀನ್ ಮಾತ್ರೆ ನುಂಗಿದವರಿಗೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಬಂದಿತ್ತು. ಏರೆಡ್ಸ್–2ರಲ್ಲಿ ಲುಟೀನನ್ನು ಪರೀಕ್ಷೆಗೆ ತಂದದ್ದಕ್ಕೆ ಇದೂ ಒಂದು ಕಾರಣ. ಸಸ್ಯಾಹಾರಿಗಳು ಹಸಿರು ಚುಕ್ಕೆಯನ್ನೂ ಹುಡುಕಿ. ಒಳಗಿನದು ಹೂವೇ ಆದರೂ ಮೇಲಿನ ಮೆತ್ತನೆಯ ಹೊದಿಕೆ ಬಹಳ ಸಲ ಪ್ರಾಣಿಜನ್ಯ ಜೆಲಟಿನ್.

ಮಾತ್ರೆಯೋ ಸೊಪ್ಪೋ, ತಿಂಗಳಿಗೆ ನಾಲ್ಕಾರು ಸಲ ಕಣ್ಣನ್ನು ಮನೆಯಲ್ಲೇ ನೋಡಿಕೊಳ್ಳಿ. ಓದುವ ಕನ್ನಡಕ ಇದ್ದರೆ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಚೌಕುಳಿ ಗೆರೆಯ ಲೆಕ್ಕದ ಪುಸ್ತಕದ ಹಾಳೆಯ ನಡುವೆ ಚುಕ್ಕೆಯಿಟ್ಟು ಅದನ್ನೇ ದಿಟ್ಟಿಸಿ. ಆಮೇಲೆ ಇನ್ನೊಂದು ಕಣ್ಣಿನಲ್ಲಿ. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಗೆರೆಗಳು ಡೊಂಕಾಗಿ, ಅಲೆಅಲೆಯಾಗಿ ಕಂಡರೆ ಅಥವಾ ನಡುವೆ ಮಸುಕು ತೇಪೆ ಕಂಡರೆ ಅಕ್ಷಿಪಟಲದ ತಜ್ಞರನ್ನು ಆ ವಾರದೊಳಗೇ ಕಾಣಬೇಕು. ದೊಡ್ಡಮ್ಮ ಹಾಳೆಯ ಗೊಡವೆಗೆ ಹೋಗಿಲ್ಲ. ದಿನವೂ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಎದುರುಮನೆಯ ಕಿಟಕಿಯ ಸರಳುಗಳನ್ನು ಒಂದೊಂದೇ ಕಣ್ಣಿನಲ್ಲಿ ನೋಡುತ್ತಾರೆ. ಎದುರುಮನೆಯವರಿಗೆ ಕಾರಣ ವಿವರಿಸಿ ಬರಲು ನಾನೇ ಹೋಗಬೇಕಾಯಿತು.